ಶಟರ್ ಬೀಳುವ ತನಕ

ಟನ್ನಣ್ಣ ಒಮ್ಮೆ ಸೀನಿದ ರಭಸಕ್ಕೆ ಕಬ್ಬಿಣದ ಸರಳು ತುಂಬಿದ್ದ ಹದಿನಾರು ಚಕ್ರದ ಲಾರಿ ತಾನಾಗಿಯೇ ಹಿಂದಕ್ಕೆ ಸರಿದು, ರಸ್ತೆ ದಾಟಿ, ಎದುರಿನ ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡು ವಾಪಸು ಬಂದು ನಿಂತಿತ್ತು.

"ದುಡ್ಡು ಯಾರು ಕೊಟ್ರು?" ಸ್ಟ್ರೆಚರಿನ ಹಿಂದಿನ ಹಿಡಿ ಹಿಡಿದಿದ್ದ ಕ್ಯಾಂಟೀನಿನವನು ಏದುಸಿರಿನಲ್ಲೇ ಕೇಳಿದ.

"ಸೀನಿದ್ದು ಯಾರು ಅಂತ ಗೊತ್ತಾದ ಮೇಲೆ ಬಂಕಿನವನು ದುಡ್ಡು ಕೇಳ್ತಾನೇನಯ್ಯ? ಇನ್ನೊಂದ್ಸಲ ಸೀನಿದ್ರೆ ಅವನ ಬಂಕೇ ಇರ್ತಿರಲಿಲ್ಲ," ಎಂದ ಬಂಡಲ್.

ನಾಲ್ವರು ಸೇರಿ ಟನ್ನಣ್ಣನ ಹೆಣವನ್ನು ಮೂರನೇ ಮಹಡಿಯಿಂದ ಇಳಿಸುತ್ತಿದ್ದರು. ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಗೋಡೆಗೆ ತಾಗದಂತೆ ಸ್ಟ್ರೆಚರನ್ನು ಓರೆ ಮಾಡಬೇಕು. ಮುಂದಿನ ಬಲಗಡೆಯ ಹಿಡಿ ಬಂಡಲ್‌ನದು. ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಎಂಥೆಂಥ ತಿರುವುಗಳನ್ನು ಕಣ್ಣು ಮುಚ್ಚಿಕೊಂಡು ದಾಟಿದ್ದೇನೆ ಎಂದು ಹೇಳಿಕೊಳ್ಳದ ದಿನವಿಲ್ಲ ಅವನಿಗೆ. ಈಗ ಮಾತ್ರ ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ತಡವಿ ಇಳಿಯುತ್ತಿದ್ದ. ಎತ್ತುವ ಮೊದಲು ನಾಲ್ವರೂ ಹಳೆಯ ಲೆಕ್ಕದಲ್ಲಿ ಸೊಂಟ ಬಿಗಿಮಾಡಿ, ಉಸಿರು ಕಟ್ಟಿ, ಹೂಂ ಅಂದಿದ್ದರು. ಸ್ಟ್ರೆಚರ್ ಗಾಳಿಪಟದ ಹಾಗೆ ಎದೆಮಟ್ಟಕ್ಕೆ ಎದ್ದುಬಿಟ್ಟಿತ್ತು. ಟನ್ನಣ್ಣ ತೆಳ್ಳಗಾಗಿ ಎಷ್ಟೋ ವರ್ಷವಾಗಿತ್ತು. ಅವರ ಕೈಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಬಾಯಿಗೆ ಸ್ವಲ್ಪ ಬೀಗ ಹಾಕ್ರಪ್ಪ," ಹಿಂದಿನಿಂದ ಮೇಷ್ಟ್ರು ಗದರಿದರು. ಅವರು ಟನ್ನಣ್ಣನ ಹೆಂಡತಿಯ ಅಣ್ಣ. ಶಾಲೆಯಿಂದ ನಿವೃತ್ತರಾಗಿದ್ದರು, ಬುದ್ಧಿ ಹೇಳುವುದರಿಂದ ಆಗಿರಲಿಲ್ಲ. "ಇಳಿಸ್ತಿರೋದು ಹೆಣ. ಕಬ್ಬಿಣದ ಬೀರು ಅಲ್ಲ."

"ಬೀರು ಆಗಿದ್ರೆ ಇಷ್ಟು ಮರ್ಯಾದೆಯಿಂದ ಇಳಿಸ್ತಿರಲಿಲ್ಲ ಮೇಷ್ಟ್ರೇ," ಎಂದ ಬಂಡಲ್.

ಮೇಷ್ಟ್ರ ಹಿಂದೆ ಟನ್ನಣ್ಣನ ಮಗಳು ಇಳಿದು ಬರುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಎದುರಿಗೆ ಕೂತವರ ಕಣ್ಣನ್ನೇ ನೋಡುವುದು ಅವಳ ಕಸುಬು. ಬಂಡಲ್‌ಗೆ ಆ ನೋಟದ ಕಡೆ ತಿರುಗಲು ಎರಡು ದಿನದಿಂದ ಧೈರ್ಯ ಬಂದಿರಲಿಲ್ಲ. ಅವಳಮ್ಮ ಮೇಲೆ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣುಗಳು ಒಣಗಿದ್ದವು. ಅತ್ತೂ ಅತ್ತೂ ಒಣಗಿದ ಕಣ್ಣಲ್ಲ ಅವು, ಅಳಲು ಒಪ್ಪದ ಕಣ್ಣು.

ಎರಡನೇ ಮಹಡಿಯ ತಿರುವಿನಲ್ಲಿ ಎಲ್ಲರೂ ದಮ್ಮು ತೆಗೆದುಕೊಳ್ಳಲು ನಿಂತಾಗ ಮಗಳು ಅವನ ಪಕ್ಕಕ್ಕೆ ಬಂದಳು.

"ಚಿಕ್ಕಪ್ಪ, ಎಲ್ಲ ಮುಗಿದ ಮೇಲೆ ಹಾಗೇ ಹೊರಟುಬಿಡಬೇಡಿ. ಒಂದು ಮಾತು ಕೇಳೋದಿದೆ."

"ಒಂದ್ಯಾಕಮ್ಮ, ಸಾವಿರ ಕೇಳು."

"ಒಂದೇ. ಅಪ್ಪ ಮತ್ತೆ ಕುಡಿಯೋಕೆ ಶುರು ಮಾಡಿದ್ರಾ?"

ಬಂಡಲ್ ಸ್ಟ್ರೆಚರಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಮೊನ್ನೆ ಸಂಜೆ ಅವರ ಜೊತೆ ಇದ್ದದ್ದು ನೀವೊಬ್ಬರೇ," ಎಂದಳು ಅವಳು. "ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

ಮೊನ್ನೆ ಸಂಜೆ ಟನ್ನಣ್ಣ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತವನು ಕೂತ ಹಾಗೆಯೇ ಹೋಗಿಬಿಟ್ಟಿದ್ದ. ಎದೆ ನಿಂತಿದೆ ಎಂದರು ಮನೆಗೆ ಬಂದ ಡಾಕ್ಟರು. ಅವರು ಹೇಳದೆ ಬಿಟ್ಟದ್ದನ್ನು ಅವನ ಅಂಗಿ ಹೇಳುತ್ತಿತ್ತು. ಎದೆಯ ಮೇಲಿಂದ ಹೊಟ್ಟೆಯ ತನಕ ಗಮ್ಮೆಂದು ಹೆಂಡದ ವಾಸನೆ. ನಾಲ್ಕು ವರ್ಷದಿಂದ ಮುಟ್ಟಿಲ್ಲ ಎಂದು ಮನೆಯವರೆಲ್ಲ ನಂಬಿದ್ದ ಮನುಷ್ಯ. ಆ ವಾಸನೆ ಹೇಗೆ ಬಂತೆಂದು ಕಂಡವನು ಲೋಕದಲ್ಲಿ ಒಬ್ಬನೇ ಇದ್ದ, ಆ ಒಬ್ಬನ ಹೆಸರು ಬಂಡಲ್. ಬಂಡಲ್ ಬಿಟ್ಟೂ ಬಿಟ್ಟೂ ಬಂದ ಹೆಸರು ಅದು. ಹುಟ್ಟಿದಾಗ ಇಟ್ಟ ಹೆಸರಿನಲ್ಲಿ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

"ದೇವರಾಣೆ ಇಲ್ಲಮ್ಮ," ಎಂದ.

ಮಗಳು ತಲೆಯಾಡಿಸಿದಳು, ನಂಬಿದ ಹಾಗಲ್ಲ, ಬಸ್ಸು ತಪ್ಪಿಸಿಕೊಂಡವರ ಹಾಗೆ.

*

ಟನ್ನಣ್ಣ ಲಾರಿ ತೂಗುತ್ತಿದ್ದ ವೇಬ್ರಿಡ್ಜ್ ಎಂದರೆ ಮತ್ತೇನಲ್ಲ, ನೆಲಮಟ್ಟಕ್ಕೆ ಹಾಸಿದ ಉದ್ದನೆಯ ಕಬ್ಬಿಣದ ಹಲಗೆ, ಪಕ್ಕದಲ್ಲೊಂದು ಗಾಜಿನ ಕಿಟಕಿಯ ಕೋಣೆ. ಲಾರಿ ಬೆಳಿಗ್ಗೆ ಖಾಲಿಯಾಗಿ ಹಲಗೆ ಹತ್ತುತ್ತದೆ, ಮಧ್ಯಾಹ್ನ ಸರಕು ತುಂಬಿಕೊಂಡು ಹತ್ತುತ್ತದೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸರಕಿನ ತೂಕ. ಎರಡು ಸಲವೂ ಡ್ರೈವರು ಕೆಳಗಿಳಿದು ನಿಲ್ಲಬೇಕು. ಇಳಿಯದವರಿಗೆ ಕಿಟಕಿಯ ಹಿಂದಿನಿಂದ ಟನ್ನಣ್ಣನ ದನಿ ಗುಡುಗುತ್ತಿತ್ತು: "ಇಳೀರಿ ಮಹಾರಾಜ್ರೇ, ನಿಮ್ಮನ್ನ ಯಾರೂ ಕೊಂಡ್ಕೊಳ್ಳಲ್ಲ."

ಬಂಡಲ್ ಮೊದಲ ದಿನವೇ ಇಳಿದಿರಲಿಲ್ಲ. "ನಾನು ಸೀಟಿನ ಮೇಲೆ ಕೂರೋದೇ ಇಲ್ಲ ಸಾರ್, ಅದಕ್ಕಿಂತ ನಾಲ್ಕು ಬೆರಳು ಮೇಲೆ ತೇಲ್ತಿರ್ತೀನಿ. ಹಳೇ ಅಭ್ಯಾಸ. ಬೇಕಾದ್ರೆ ಕೈ ಹಾಕಿ ನೋಡಿ," ಎಂದಿದ್ದ. ಟನ್ನಣ್ಣ ನಕ್ಕ ನಗುವಿಗೆ ಕಿಟಕಿಯ ಗಾಜು ಗಡಗಡ ನಡುಗಿತ್ತು. ಇದು ಬಂಡಲ್ ಅಲ್ಲ, ಗಾಜು ನಿಜಕ್ಕೂ ಸಡಿಲವಾಗಿತ್ತು.

ಆ ಕಾಲವೇ ಬೇರೆ. ಬೆಳಗಿನ ಹೊತ್ತು ಲಾರಿಗಳ ಸಾಲು ರಸ್ತೆಯ ತಿರುವಿನ ತನಕ ನಿಲ್ಲುತ್ತಿತ್ತು. ಡೀಸೆಲಿನ ವಾಸನೆ, ಸಿಮೆಂಟಿನ ಧೂಳು, ಕ್ಯಾಂಟೀನಿನ ಟೀ ಹಬೆ ಎಲ್ಲ ಕಲಸಿಕೊಂಡು ಒಂದು ಬಗೆಯ ಮಂಜು ಕವಿದಿರುತ್ತಿತ್ತು. ಬನ್ನಿನ ಟ್ರೇ ಬಂದೊಡನೆ ಕ್ಯಾಂಟೀನಿನವನು ಎರಡು ಪಾಲು ಮಾಡುತ್ತಿದ್ದ: ಒಂದು ಟನ್ನಣ್ಣನಿಗೆ, ಇನ್ನೊಂದು ಮಿಕ್ಕ ಲೋಕಕ್ಕೆ. ಟನ್ನಣ್ಣ ತಿನ್ನುವುದನ್ನು ನೋಡಲೆಂದೇ ಡ್ರೈವರುಗಳು ಟೀ ಆರಿಸಿ ಆರಿಸಿ ಕುಡಿಯುತ್ತಿದ್ದರು. ತುಟಿಗೆ ಒಂದು ಚೂರೂ ಅಂಟದ ಹಾಗೆ, ಆತುರವಿಲ್ಲದೆ, ಒಂದೊಂದು ಬನ್ನನ್ನೂ ಎರಡು ಬೆರಳಿನಲ್ಲಿ ಒತ್ತಿ ಕ್ಷೇಮಸಮಾಚಾರ ವಿಚಾರಿಸಿ ತಿನ್ನುತ್ತಿದ್ದ. ಆಗ ಅವನ ಮಗಳು ಇನ್ನೂ ಚಿಕ್ಕವಳು. ಶಾಲೆ ಬಿಟ್ಟ ಮೇಲೆ ಓಡಿ ಬಂದು ಹಲಗೆಯ ಮೇಲೆ ಕುಣಿಯುತ್ತಿದ್ದಳು. "ಅಪ್ಪಾ, ನಾನೆಷ್ಟು?" ಎಂದು ಕೂಗಿದರೆ ಆ ಲಾರಿ ಮೀಟರಿಗೆ ಅವಳು ಕಾಣುತ್ತಲೇ ಇರಲಿಲ್ಲ. ಟನ್ನಣ್ಣ ಮೀಟರು ನೋಡಿ, ಗಂಭೀರವಾಗಿ, "ಅಬ್ಬಾ, ಮಿಷನ್ನು ಕೆಟ್ಟೋಗತ್ತೆ, ಇಳಿಯಮ್ಮ" ಎನ್ನುತ್ತಿದ್ದ.

ಒಂದು ಬೇಸಗೆಯಲ್ಲಿ ವೇಬ್ರಿಡ್ಜಿಗೆ ಕೆಟ್ಟ ಹೆಸರು ಬಂತು. ತೂಗಿಸಿದ ಸರಕೆಲ್ಲ ಇದ್ದದ್ದಕ್ಕಿಂತ ಹೆಚ್ಚು ತೂಗುತ್ತಿತ್ತು. ವ್ಯಾಪಾರಿಗಳು ಜಗಳಕ್ಕೆ ಬಂದರು. ಹಲಗೆ ಖಾಲಿ ಇದ್ದಾಗಲೂ ಮಧ್ಯಾಹ್ನದ ಮೇಲೆ ಮೀಟರು ಏನೋ ತೋರಿಸುತ್ತಿತ್ತು. ಮಿಷನ್ನಿಗೆ ವಯಸ್ಸಾಯಿತು ಎಂದುಕೊಂಡ ಟನ್ನಣ್ಣ. ಮೆಕ್ಯಾನಿಕ್ ಬಂದು ಹಲಗೆ ಎತ್ತಿಸಿ, ಕೆಳಗಿನ ಗುಂಡಿಯ ಕೆಸರು ತೆಗೆಸಿ, ತಂತಿಯನ್ನೆಲ್ಲ ಬಿಚ್ಚಿ ಕಟ್ಟಿ, ತಲೆ ಕೆರೆದುಕೊಂಡು ನಿಂತ. ಆಮೇಲೆ ತುಂಬ ವಿನಯದಿಂದ, "ಸಾರ್, ನೀವು ಒಂದು ನಿಮಿಷ ಎದ್ದು ನಿಲ್ತೀರಾ?" ಎಂದ.

ಆಗಿದ್ದಿಷ್ಟೇ. ಬೆಳಿಗ್ಗೆ ಖಾಲಿ ಲಾರಿ ಬರುವಾಗ ಟನ್ನಣ್ಣ ಕೋಣೆಯೊಳಗೆ ಕೂರುತ್ತಿದ್ದ. ಮಧ್ಯಾಹ್ನ ಸೆಖೆಗೆ ಬೆಂಚನ್ನು ಬಾಗಿಲಿಗೆ ಎಳೆದುಕೊಂಡು ಕೂರುತ್ತಿದ್ದ. ಬೆಂಚಿನ ಮುಂದಿನ ಎರಡು ಕಾಲು ಹಲಗೆಯ ಮೇಲೆ. ಬೇಸಗೆಯುದ್ದಕ್ಕೂ ಪ್ರತಿ ಲಾರಿಯ ಸರಕಿನ ಜೊತೆ ಅರ್ಧ ಟನ್ನಣ್ಣನೂ ಮಾರಾಟವಾಗಿದ್ದ.

ಅವನು ಎದ್ದ. ಮೀಟರು ಸೊನ್ನೆಗೆ ಬಂತು. ನೆರೆದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಟನ್ನಣ್ಣನೇ.

ಅಂದು ಸಂಜೆ ಬಂಡಲ್‌ನ ಲಾರಿಯ ನೆರಳಿನಲ್ಲಿ ಕೂತಾಗ ನಗು ಇರಲಿಲ್ಲ. "ಯಾರ್ಯಾರದೋ ಭಾರಕ್ಕೆ ನಾನು ಸೇರ್ಕೊಂಡಿದ್ದೆ ನೋಡು. ನನಗೇ ಗೊತ್ತಿಲ್ಲ," ಎಂದ. "ರಾತ್ರಿ ನಿದ್ದೇಲಿ ಉಸಿರು ನಿಲ್ಲುತ್ತಂತೆ ಕಣೋ. ಹೆಂಡ್ತಿ ಎದ್ದು ಕೂತು ನನ್ನ ಅಲ್ಲಾಡಿಸ್ತಾ ಇರ್ತಾಳಂತೆ, ಬೆಳಗಿನ ತನಕ. ಅವಳೂ ಇಷ್ಟು ದಿನ ಹೇಳಿರಲಿಲ್ಲ."

ಮುಂದಿನ ತಿಂಗಳು ಆಸ್ಪತ್ರೆಯಲ್ಲಿ, ತೂಕ ಇಳಿಯಲೆಂದು, ಅವನ ಹೊಟ್ಟೆಯೊಳಗಿನ ಚೀಲವನ್ನು ನಿಂಬೆಹಣ್ಣಿನಷ್ಟು ಮಾಡಿ ಹೊಲಿದರು.

*

ಸ್ಮಶಾನದಲ್ಲಿ ಗುಂಡಿ ಇನ್ನೂ ಪೂರ್ತಿ ತೋಡಿ ಆಗಿರಲಿಲ್ಲ. ಗಂಡಸರು ಗೋಡೆಯ ನೆರಳಿನಲ್ಲಿ ಕೂತರು.

"ಆಪರೇಶನ್ ಆದ್ಮೇಲೂ ಅಂಗಡಿಗೆ ಬರೋದು ಬಿಡಲಿಲ್ಲ ಅವನು," ಕ್ಯಾಂಟೀನಿನವನು ಹೇಳಿದ. "ಒಂದು ಬನ್ನು ಕೈಗೆ ತಗೊಳ್ಳೋನು, ಮೂಸೋನು, ವಾಪಸ್ ಇಡೋನು. ಮೂಸಿದ್ದಕ್ಕೆ ದುಡ್ಡು ತಗೊಳ್ಳಬೇಕೋ ಬೇಡ್ವೋ ಅಂತ ನನ್ನ ಹೆಂಡ್ತೀನ ಕೇಳಿದ್ದೆ."

"ಏನಂದ್ಲು?"

"ಆ ಬನ್ನು ನೀನು ಇನ್ನೊಬ್ಬರಿಗೆ ಮಾರ್ತೀಯಲ್ಲ, ಅವರಿಗೆ ದುಡ್ಡು ವಾಪಸ್ ಕೊಡು ಅಂದ್ಲು."

ನಗು ಬಂತು. ಗುಂಡಿ ತೋಡುವವನೂ ಗುದ್ದಲಿ ಊರಿ ನಕ್ಕ. ಆ ನಗು ಬಂಡಲ್‌ಗೆ ಸಾಕಾಯಿತು, ಒಣಗಿದ ಸೌದೆಗೆ ಕಿಡಿ ತಾಗಿದ ಹಾಗೆ.

"ಹೊಟ್ಟೆ ಚಿಕ್ಕದಾಯ್ತು, ಆಸೆ ಎಲ್ಲಿಗೆ ಹೋಗ್ಬೇಕು? ಬಾಟ್ಲಿಗೆ ಹೋಯ್ತು," ಎಂದ. "ಆಗ ಇವನನ್ನ ಎತ್ತಿದ್ದು ಯಾರು ಅಂದ್ಕೊಂಡ್ರಿ? ಈ ಎರಡು ಕೈ. ನಾಲ್ಕು ವರ್ಷ, ಒಂದು ಸಂಜೆ ತಪ್ಪಿಸಿಲ್ಲ. ಬಿರುಗಾಳಿ ಬಂದು ಟಾರು ರಸ್ತೆ ಚಾಪೆ ಥರ ಸುತ್ಕೊಂಡು ಹೋದ ದಿನಾನೂ ಅವನನ್ನ ನನ್ನ ಪಕ್ಕ ಕೂರಿಸ್ಕೊಂಡು ಕಾದಿದ್ದೀನಿ. ಹುಲಿ ಬಾಯಿಂದ ಕರು ಕಿತ್ತ ಹಾಗೆ ಇವನ ಕೈಯಿಂದ ಬಾಟ್ಲಿ ಕಿತ್ತಿದ್ದೀನಿ. ನಾನಿರದಿದ್ರೆ ಈ ಗುಂಡಿ ಯಾವತ್ತೋ ತೋಡಬೇಕಿತ್ತು."

"ಹೌದಾ," ಎಂದರು ಮೇಷ್ಟ್ರು ನಿಧಾನವಾಗಿ. "ಹಾಗಾದ್ರೆ ಮೊನ್ನೆ ಕೀಳೋದು ಮರ್ತೋಯ್ತಾ?"

ಗುದ್ದಲಿಯ ಸದ್ದು ಮತ್ತೆ ಶುರುವಾಯಿತು.

"ನನ್ನ ತಂಗಿ ಆ ಅಂಗೀನ ಬೆರಳಲ್ಲೂ ಮುಟ್ಟಿಲ್ಲ," ಮೇಷ್ಟ್ರು ಮುಂದುವರಿಸಿದರು. "ಮೂವತ್ತು ವರ್ಷ ಬಾಳಿದ ಗಂಡನಿಗೆ ಒಂದು ಹನಿ ಕಣ್ಣೀರು ಹಾಕಿಲ್ಲ. ಮಾತು ಕೊಟ್ಟಿದ್ದ, ತಪ್ಪಿದ, ಅಷ್ಟೇ ಅಣ್ಣ ಅಂದ್ಲು. ಇನ್ನು ಸಾಯೋ ತನಕ ಅವನ ಮೇಲೆ ಆ ಸಿಟ್ಟು ಹೊತ್ಕೊಂಡೇ ಇರ್ತಾಳೆ."

ಬಂಡಲ್ ಬಾಯಿ ತೆರೆದ. ಆಮೇಲೆ, ಅವನನ್ನು ಬಲ್ಲವರು ಯಾರೂ ಈ ತನಕ ಕಂಡಿರದ ಕೆಲಸ ಮಾಡಿದ. ಬಾಯಿ ಮುಚ್ಚಿದ.

ಮಣ್ಣು ಕೊಡುವಾಗ ಮಗಳು ಬಂಡಲ್‌ನ ಎದುರಿಗೇ ನಿಂತಿದ್ದಳು. ಅವಳು ಗುಂಡಿಯ ಕಡೆ ನೋಡುತ್ತಿರಲಿಲ್ಲ.

*

ತೆಳ್ಳಗಾದ ಮೊದಲ ವರ್ಷ ಟನ್ನಣ್ಣನದು ಮೆರವಣಿಗೆ. ಕಂಡವರೆಲ್ಲ ಹೊಗಳುವವರೇ. ಹಳೆಯ ಪ್ಯಾಂಟಿನ ಒಂದು ಕಾಲಿನೊಳಗೆ ಪೂರ್ತಿ ನಿಂತು ತೋರಿಸುತ್ತಿದ್ದ. ಆದರೆ ಬಾಯಿಗೆ ಕೆಲಸ ಹೋಗಿತ್ತು. ಎರಡು ತುತ್ತಿಗೆ ಹೊಟ್ಟೆ ತುಂಬಿಬಿಡುತ್ತಿತ್ತು. ಸಿಹಿ ತಿಂದರೆ ಬೆವರು ಕಿತ್ತುಕೊಂಡು ಎದೆ ಡವಗುಟ್ಟುತ್ತಿತ್ತು. ಸಂಜೆಯಾದರೆ ಕೈ ತಾನಾಗಿ ಏನನ್ನೋ ಹುಡುಕಿ ಮೇಜಿನ ಮೇಲೆ ಓಡಾಡುತ್ತಿತ್ತು.

ವೇಬ್ರಿಡ್ಜಿನ ಮಾಲೀಕರ ಮನೆಯ ಔತಣದಲ್ಲಿ ಯಾರೋ ಒಂದು ಗ್ಲಾಸು ಕೊಟ್ಟರು. ಮೊದಲೆಲ್ಲ ಎಂದಾದರೂ ಒಮ್ಮೆ ಬಲವಂತಕ್ಕೆ ಕುಡಿದರೂ ಕೆರೆಗೆ ಚೊಂಬು ನೀರು ಸುರಿದ ಹಾಗಿರುತ್ತಿತ್ತು. ಅಂದು ಅರ್ಧ ಗ್ಲಾಸಿಗೇ ನೆಲ ವಾಲಿತು. ಜೊತೆಗೆ, ಹೊಟ್ಟೆ ಹೊಲಿಸಿಕೊಂಡ ಮೇಲೆ ಮೊದಲ ಸಲ, ಕೈ ಸುಮ್ಮನಾಯಿತು.

ಆಸ್ಪತ್ರೆಯ ನರ್ಸಮ್ಮ ಆಮೇಲೆ ಬಿಡಿಸಿ ಹೇಳಿದ್ದರು. "ಕುಡಿದದ್ದು ತಂಗೋಕೆ ಈಗ ನಿಮ್ಮ ಹೊಟ್ಟೇಲಿ ಜಾಗ ಇಲ್ಲ, ಸೀದಾ ರಕ್ತಕ್ಕೆ ಇಳಿಯುತ್ತೆ. ಬೇರೆಯವರಿಗೆ ಒಂದು ಅಂದ್ರೆ ನಿಮಗೆ ಮೂರು. ಇನ್ನೊಂದು ವಿಷಯ. ಒಂದು ಬಿಲ ಮುಚ್ಚಿದ್ರೆ ಇಲಿ ಇನ್ನೊಂದು ಬಿಲ ಹುಡುಕುತ್ತೆ. ಇಲಿ ಸತ್ತಿಲ್ಲ ಅನ್ನೋದು ನೆನಪಿರಲಿ." ಅದನ್ನು ಅವರು ಹೇಳುವ ಹೊತ್ತಿಗೆ ಇಲಿ ಹೊಸ ಬಿಲದಲ್ಲಿ ಮರಿ ಹಾಕಿತ್ತು.

ಆ ಬಿಲಕ್ಕೆ ಕಾವಲಿದ್ದವನು ಬಂಡಲ್. ಅವನಿಗೆ ಕುಡಿತದ ವಿದ್ಯೆ ಹಳೆಯದು. ಇದರಿಂದಲೇ ಲಾರಿಯ ಕೆಲಸ ಬಿಡಬೇಕಾಗಿ ಬಂದಿತ್ತು. ಈಗ ವೇಬ್ರಿಡ್ಜಿನ ಹಿಂದಿನ ಶೆಡ್ಡಿನಲ್ಲಿ ಟೈರು ಕಾಯುವ ಕೆಲಸ. ಇಬ್ಬರೂ ಅಲ್ಲೇ ಟೈರಿನ ರಾಶಿಯ ಮೇಲೆ ಕೂತು ಕುಡಿದರು, ನಕ್ಕರು, ಹಳೆಯ ಲಾರಿಗಳ ಹೆಸರು ಹಿಡಿದು ನೆನೆಸಿಕೊಂಡರು. ಒಳ್ಳೆಯ ಸಂಜೆಗಳೇ ಅವು. ಅದೇ ಕಷ್ಟ.

ಒಂದು ಸಲ ಮನೆ ತಲುಪಿದೆನೆಂದುಕೊಂಡು ಟನ್ನಣ್ಣ ಎರಡನೇ ಮಹಡಿಯ ತಿರುವಿನಲ್ಲೇ ಚಪ್ಪಲಿ ಬಿಚ್ಚಿಟ್ಟು ಮಲಗಿಬಿಟ್ಟ. ಪರೀಕ್ಷೆಗೆ ಓದುತ್ತಿದ್ದ ಮಗಳು ಇಳಿದು ಬಂದಳು. ಎಬ್ಬಿಸಲಾಗದೆ, ಅಲ್ಲಿಯೇ ಪುಸ್ತಕ ತಂದುಕೊಂಡು ಅಪ್ಪನ ಪಕ್ಕದ ಮೆಟ್ಟಿಲ ಮೇಲೆ ಕೂತು ಓದಿದಳು. ಎಚ್ಚರವಾದಾಗ ಅವನಿಗೆ ಕಂಡದ್ದು ಆ ಪುಸ್ತಕ, ಅದರ ಹಿಂದಿನ ಮುಖ.

"ಇನ್ನು ಮುಟ್ಟಲ್ಲ," ಎಂದ ಅಂದು ಹೆಂಡತಿಗೆ.

"ಒಂದು ಸಲ ನಂಬ್ತೀನಿ," ಎಂದರು ಅವರು. "ಒಂದೇ ಸಲ."

ಸಂಜೆಯ ಹೊತ್ತು ಒಬ್ಬನೇ ಇರಬೇಡ, ಯಾರ ಜೊತೆಗಾದರೂ ಇರು ಎಂದಿದ್ದರು ನರ್ಸಮ್ಮ. ಟನ್ನಣ್ಣ ಆರಿಸಿಕೊಂಡದ್ದು ಬಂಡಲ್‌ನನ್ನೇ, ಅದೇ ಶೆಡ್ಡನ್ನೇ. ಎದುರಿಗೆ ರಸ್ತೆಯಾಚೆ ಹೆಂಡದಂಗಡಿ. ಕೇಳಿದವರಿಗೆ, "ಕಣ್ಣೆದುರಿಗೇ ಇದ್ರೆ ಬೆನ್ನ ಹಿಂದೆ ಬರಲ್ಲ," ಎಂದ. ಬಂಡಲ್‌ಗೆ, "ನೀನು ಹೇಳ್ತಾ ಇರು. ಆ ಅಂಗಡಿ ಶಟರ್ ಬೀಳೋ ತನಕ ನಿನ್ನ ಬಾಯಿ ಮುಚ್ಚಬಾರದು," ಎಂದ.

ಹೀಗೆ ಶುರುವಾಯಿತು. ಬಂಡಲ್ ತಾನು ಸೇತುವೆ ಇಲ್ಲದ ನದಿಯನ್ನು ಲಾರಿಯಲ್ಲಿ ಈಜಿ ದಾಟಿದ್ದು ಹೇಳಿದ. ಸ್ಟೇರಿಂಗು ಕೈಗೆ ಕಿತ್ತುಬಂದಾಗ ಊಟದ ತಟ್ಟೆ ಸಿಕ್ಕಿಸಿ ಮೂರು ಊರು ದಾಟಿದ್ದು ಹೇಳಿದ. ತನ್ನ ಹಾರನ್ನಿಗೆ ಹೆದರಿ ಬೆಟ್ಟವೊಂದು ಪಕ್ಕಕ್ಕೆ ಸರಿದದ್ದನ್ನು ನೂರನೇ ಸಲ ಹೇಳಿದ. ಟನ್ನಣ್ಣ ಕಣ್ಣು ಮುಚ್ಚಿ ಕೇಳಿ, ಕೊನೆಗೆ ತೂಕದವನ ದನಿಯಲ್ಲಿ ತೀರ್ಪು ಕೊಡುತ್ತಿದ್ದ. "ಹನ್ನೆರಡು ಟನ್ನು. ಖಾಲಿ ಗಾಡಿ ಕಳೀತೀನಿ ಇರು. ಹೂಂ, ಊಟದ ತಟ್ಟೆ ನಿಜ. ಮಿಕ್ಕಿದ್ದೆಲ್ಲ ಸರಕು." ರಸ್ತೆಯಾಚೆ ಗರಗರನೆ ಶಟರ್ ಬೀಳುತ್ತಿತ್ತು. ಆಗ ಎದ್ದು, ಪ್ಯಾಂಟು ಕೊಡವಿಕೊಂಡು, ಬಸ್ಸಿಗೆ ಹೊರಡುತ್ತಿದ್ದ.

ಬಂಡಲ್‌ನ ಜೀವಮಾನದಲ್ಲಿ ಅವನ ಮಾತು ಯಾರಿಗಾದರೂ ಅಷ್ಟು ಬೇಕಾಗಿದ್ದು ಆ ಸಂಜೆಗಳಲ್ಲೇ.

*

ಮಣ್ಣು ಮುಗಿಸಿ ಮನೆಗೆ ಬಂದವರು ಒಬ್ಬೊಬ್ಬರಾಗಿ ಹೊರಟರು. ಚಹಾದ ಲೋಟಗಳು ಕಿಟಕಿಯ ಕಟ್ಟೆಯ ಮೇಲೆ ಉಳಿದವು. ಬಂಡಲ್ ಸದ್ದಿಲ್ಲದೆ ಚಪ್ಪಲಿ ಹುಡುಕುತ್ತಿದ್ದಾಗ ಮಗಳು ಬಂದು ಅಡುಗೆಮನೆಯ ಹಿಂದಿನ ಸಣ್ಣ ಬಾಲ್ಕನಿಗೆ ಕರೆದಳು. ಅಲ್ಲಿ ಬಕೆಟ್ಟಿನ ಅಂಚಿಗೆ ಆ ಅಂಗಿ ನೇತಾಡುತ್ತಿತ್ತು. ನೀರು ಹಾಕಿರಲಿಲ್ಲ.

"ಈಗ ಹೇಳಿ ಚಿಕ್ಕಪ್ಪ."

"ಅಯ್ಯೋ, ಅದಾ? ಬಸ್‌ಸ್ಟಾಪಲ್ಲಿ ಒಬ್ಬ ಕುಡುಕ ಇರ್ತಾನಲ್ಲ, ಆನೆ ಗಾತ್ರದವನು. ನಿಮ್ಮಪ್ಪನ ಮೇಲೆ ಬಾಟ್ಲಿ ಸಮೇತ ಬಿದ್ದಿರ್ತಾನೆ."

"ಬೆಂಚಲ್ಲಿ ಅಪ್ಪನ ಪಕ್ಕ ಇದ್ದದ್ದು ಮಗು ಎತ್ಕೊಂಡ ಹೆಂಗಸು. ಅವರೇ ನನಗೆ ಫೋನ್ ಮಾಡಿದ್ದು. ಅಪ್ಪ ಬಂದಾಗಲೇ ವಾಸನೆ ಇತ್ತಂತೆ."

"ಹಾಂ, ಹಾಗಾದ್ರೆ ಅದು ಮಂಡಿನೋವಿಗೆ ಹಚ್ಚೋ ಸ್ಪಿರಿಟ್ಟು. ಘಾಟು ಅಂದ್ರೆ ಘಾಟು. ಒಂದು ತೊಟ್ಟು ಬಿದ್ರೆ ಸತ್ತ ಕುದುರೆ ಎದ್ದು..."

"ಮಂಡಿಗೆ ಹಚ್ಚೋದು ಎದೆಗೆ ಯಾಕೆ ಬಂತು?"

ಬಂಡಲ್ ಕೆಳಗೆ ರಸ್ತೆ ನೋಡಿದ. ಹೊತ್ತು ಇಳಿಯುತ್ತಿತ್ತು. ಅಂಗಡಿಗಳ ದೀಪ ಹೊತ್ತಿಕೊಳ್ಳುವ ಹೊತ್ತು.

"ನೋಡಿ," ಎಂದಳು ಅವಳು. ದನಿ ಏರಲಿಲ್ಲ. "ಕುಡಿದಿದ್ರು ಅಂದ್ರೂ ನಾನು ಸಹಿಸ್ಕೋತೀನಿ. ಆದ್ರೆ ಅಮ್ಮ ಒಳಗೆ ಕೂತಿದ್ದಾರೆ. ಅವರು ಅಳ್ತಾ ಇಲ್ಲ. ನೀವು ಹೇಳೋದು ನಿಜಾನೋ ಸುಳ್ಳೋ ಗೊತ್ತಾಗದೆ ನಾನು ಅವರಿಗೆ ಏನಂತ ಹೇಳಲಿ? ಚಿಕ್ಕವಳಿದ್ದಾಗ ನಿಮ್ಮ ಬೆಟ್ಟ ಸರಿದದ್ದನ್ನೂ ನಂಬಿದ್ದೆ ಚಿಕ್ಕಪ್ಪ. ಇದೊಂದನ್ನ ನಂಬೋ ಹಾಗೆ ಹೇಳಿ."

ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ.

"ಅವನು ಕುಡಿದಿಲ್ಲ," ಎಂದ ಕೊನೆಗೆ. "ಕುಡಿದಿದ್ದು ನಾನು."

ಅವಳು ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ನಾನು ಬಿಟ್ಟೇ ಇರಲಿಲ್ಲಮ್ಮ. ಅವನು ಬರೋದಕ್ಕೆ ಮುಂಚೆ ಒಂದಿಷ್ಟು, ಅವನು ಹೋದ ಮೇಲೆ ಒಂದಿಷ್ಟು. ಮುಚ್ಚಿಟ್ಟಿದ್ದೀನಿ ಅಂದ್ಕೊಂಡಿದ್ದೆ. ಅವನಿಗೆ ಮೊದಲ ವಾರಾನೇ ಗೊತ್ತಾಗಿತ್ತು. ಅದಕ್ಕೇ ದಿನಾ ಬೇಗ ಬರೋಕೆ ಶುರು ಮಾಡಿದ. ಹೋಗೋದು ತಡ ಮಾಡ್ದ. ಶಟರ್ ಬಿದ್ದ ಮೇಲೇ ಏಳೋನು. ನನ್ನ ಬಾಯಿ ಮಾತಲ್ಲಿರೋ ತನಕ ಬೇರೇದಕ್ಕೆ ಹೋಗಲ್ಲ ಅಂತ ಅವನ ಲೆಕ್ಕ. ನಾನು ಅವನನ್ನ ಕಾಯ್ತಿದ್ದೆ ಅಂತ ಊರೆಲ್ಲ ಸಾರಿದೆ. ಅವನೂ ಹೌದು ಹೌದು ಅಂದ. ಇವನಿಂದಾನೇ ನಾನು ಉಳಿದೆ ಅಂದ, ನಿಮ್ಮಮ್ಮನ ಹತ್ರಾನೂ. ಮೊನ್ನೆ ತನಕ ಬದುಕಿನಲ್ಲಿ ಅವನು ಹೇಳಿದ್ದು ಅದೊಂದೇ ಸುಳ್ಳು, ಅದೂ ನನಗೋಸ್ಕರ."

"ಮೊನ್ನೆ?"

"ಮೊನ್ನೆ ಅವನು ಬರೋ ಹೊತ್ತಿಗೆ ನಾನು ಅರ್ಧ ಮುಗಿಸಿದ್ದೆ. ಬಾಟ್ಲಿ ಕೊಡೋ ಅಂದ. ಕೊಡಲಿಲ್ಲ. ಕಿತ್ಕೊಂಡ. ನಾನು ಎಳೆದೆ. ಮಿಕ್ಕಿದ್ದೆಲ್ಲ ಅವನ ಎದೆ ಮೇಲೆ ಹೋಯ್ತು. ಬೈತಾನೆ ಅಂದ್ಕೊಂಡೆ. ಪಕ್ಕದಲ್ಲಿ ಕೂತ್ಕೊಂಡು, ಇವತ್ತು ನಿನಗೆ ಬಾಯಿ ಬರಲ್ಲ, ನಾನೇ ಒಂದು ಬಂಡಲ್ ಬಿಡ್ತೀನಿ ಕೇಳು ಅಂದ. ಎಷ್ಟು ಹೊತ್ತು ಯೋಚ್ನೆ ಮಾಡಿದ ಗೊತ್ತಾ? ಆಮೇಲೆ, ಬೆಳಿಗ್ಗೆ ಕ್ಯಾಂಟೀನಲ್ಲಿ ಒಂದು ಬನ್ನು ಪೂರ್ತಿ ತಿಂದೆ ಕಣೋ, ಅಂದ."

ಬಂಡಲ್ ನಗಲು ಹೋದ. ಆಗಲಿಲ್ಲ.

"ಅಷ್ಟೇ ಅವನ ಕೈಲಾದದ್ದು. ಒಂದು ಬನ್ನು. ಸ್ವಲ್ಪ ಹೊತ್ತಾದ ಮೇಲೆ ಯಾಕೋ ಬೆವರ್ತಿದೆ, ಹೊರಡ್ತೀನಿ ಅಂದ. ದಿನಾ ಬಸ್‌ಸ್ಟಾಪ್ ತನಕ ಜೊತೆಗೆ ಹೋಗ್ತಿದ್ದೆ. ಮೊನ್ನೆ ಹೋಗಲಿಲ್ಲ. ನಿಲ್ಲೋಕಾಗ್ತಿರಲಿಲ್ಲಮ್ಮ ನನಗೆ. ಅವನು ತಿರುಗಿ, ಮಲಗು ನೀನು ಅಂತ ಕೈ ಮಾಡಿದ. ನಾನು ಮಲಗಿದೆ."

ಬಾಗಿಲಲ್ಲಿ ನೆರಳು ಅಲುಗಿತು. ಟನ್ನಣ್ಣನ ಹೆಂಡತಿ ನಿಂತಿದ್ದರು, ಅವರ ಹಿಂದೆ ಮೇಷ್ಟ್ರು. ಎಷ್ಟು ಹೊತ್ತಿನಿಂದಲೋ.

"ಇವನ ಮಾತು ಕಟ್ಕೊಂಡು," ಎಂದು ಮೇಷ್ಟ್ರು ಶುರುಮಾಡಿದರು.

"ಸುಮ್ನಿರಿ ಅಣ್ಣ," ಎಂದರು ಅವರು. "ಮೂವತ್ತು ವರ್ಷದಿಂದ ಇವನ ಬಂಡಲ್ ಕೇಳಿದ್ದೀನಿ. ಒಂದರಲ್ಲಾದ್ರೂ ಇವನು ಚಿಕ್ಕವನಾಗಿದ್ದಿಲ್ಲ." ಬಂಡಲ್‌ನ ಕಡೆ ತಿರುಗಿದರು. "ಇನ್ನೊಂದ್ಸಲ ಹೇಳಪ್ಪ."

"ಅವನು ಕುಡಿದಿರಲಿಲ್ಲ ಅತ್ತಿಗೆ. ಮಾತು ತಪ್ಪಿಲ್ಲ."

ಅವರು ಬಗ್ಗಿ ಬಕೆಟ್ಟಿನ ಅಂಚಿನಿಂದ ಅಂಗಿ ತೆಗೆದುಕೊಂಡರು. ವಾಸನೆ ಇನ್ನೂ ಹಾಗೆಯೇ ಇತ್ತು. ಅದನ್ನು ಎರಡು ಕೈಯಲ್ಲಿ ಮುದುಡಿ ಮುಖಕ್ಕೆ ಒತ್ತಿಕೊಂಡರು. ಅವರ ಹೆಗಲು ಅಲುಗಲು ಶುರುವಾದಾಗ ಮೇಷ್ಟ್ರು ಏನು ಮಾಡಬೇಕೆಂದು ತೋಚದೆ ಖಾಲಿ ಬಕೆಟ್ಟನ್ನು ಎತ್ತಿಕೊಂಡು ನಿಂತರು.

ಬಂಡಲ್ ಗೋಡೆ ಹಿಡಿದು ಎದ್ದ. ಯಾರಿಗೂ ಹೇಳದೆ ಮೆಟ್ಟಿಲಿಳಿದ. ಕೆಳಗೆ ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು.

"ಎಲ್ಲಿಗೆ?" ಮಗಳು ಕೇಳಿದಳು.

"ಶೆಡ್ಡಿಗೆ," ಎಂದ. ಆಮೇಲೆ, "ಗೊತ್ತಿಲ್ಲ," ಎಂದ.

ಅವಳು ಕ್ಷಮಿಸಿದೆ ಎನ್ನಲಿಲ್ಲ, ಬಯ್ಯಲೂ ಇಲ್ಲ. ಮುಖದಲ್ಲಿ ಎರಡೂ ಇರಲಿಲ್ಲ. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಅವನ ಬಲಕ್ಕೆ ನಡೆಯತೊಡಗಿದಳು. ತರಕಾರಿಯಂಗಡಿ ದಾಟಿದರು, ಹೊಲಿಗೆಯಂಗಡಿ ದಾಟಿದರು. ಮುಂದೆ, ರಸ್ತೆಯ ಎಡಬದಿಯಲ್ಲಿ, ಹೆಂಡದಂಗಡಿಯೊಂದರ ಬಾಟಲಿಗಳ ಸಾಲಿನ ಹಿಂದೆ ಹಳದಿ ದೀಪ ಉರಿಯುತ್ತಿತ್ತು. ಅದು ಹತ್ತಿರವಾದಾಗ ಅವಳು ಹೆಜ್ಜೆ ತುಸು ನಿಧಾನಿಸಿ, ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಅವನ ಎಡಗಡೆಗೆ ಸೇರಿಕೊಂಡಳು.